ಥಿಯೇಟರ್ ರಸ್ತೆಯಲ್ಲಿದ್ದ ಒಂದು ಸರ್ಕಾರ

ಯುದ್ಧ ಮುಗಿದ ದಿನದ ಆ ಫೋಟೋ ನಮಗೆಲ್ಲ ಗೊತ್ತು. 1971ರ ಡಿಸೆಂಬರ್ 16ರ ಸಂಜೆ, ಢಾಕಾದ ರಮ್ನಾ ರೇಸ್‌ಕೋರ್ಸ್ ಮೈದಾನ. ಒಂದು ಮೇಜಿನ ಮುಂದೆ ಕುಳಿತು ಪಾಕಿಸ್ತಾನದ ಲೆಫ್ಟಿನೆಂಟ್ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕುತ್ತಿದ್ದಾರೆ. ಪಕ್ಕದಲ್ಲಿ ನಮ್ಮ ಲೆಫ್ಟಿನೆಂಟ್ ಜನರಲ್ ಜಗಜಿತ್ ಸಿಂಗ್ ಅರೋರಾ. 93,000 ಮಂದಿ ಸೆರೆಯಾದರು, ಬಾಂಗ್ಲಾದೇಶ ಹುಟ್ಟಿತು. ನಾವು ಶಾಲೆಯಲ್ಲಿ ಓದಿದ ಪಾಠ ಅಲ್ಲಿಗೆ ಮುಗಿಯುತ್ತದೆ.

ಆದರೆ ಮರುದಿನ ಬೆಳಿಗ್ಗೆ? ಬ್ಯಾಂಕಿನ ಬೀಗದ ಕೈ ಯಾರ ಬಳಿ ಇರಬೇಕು? ಪೊಲೀಸ್ ಠಾಣೆಗೆ ಯಾರು ಬರಬೇಕು? ಹಳೆಯ ಕಾನೂನು ಇದೆಯೋ ಇಲ್ಲವೋ? ಗುಮಾಸ್ತನಿಗೆ ಸಂಬಳ ಕೊಡುವವರು ಯಾರು? ಮನೆ ಬದಲಾಯಿಸಿದಾಗ ಗ್ಯಾಸ್ ಸಂಪರ್ಕ, ಹಾಲು, ಮಕ್ಕಳ ಶಾಲೆ ಇವೆಲ್ಲವನ್ನೂ ಹೊಂದಿಸುವ ನಮಗೆ ಈ ಪ್ರಶ್ನೆಗಳು ಸಣ್ಣವು ಅನ್ನಿಸಲಾರವು. ಏಳೂವರೆ ಕೋಟಿ ಜನರ ದೇಶವೊಂದು ಯಜಮಾನನನ್ನು ಬದಲಾಯಿಸಿದಾಗ ಇವೇ ಪ್ರಶ್ನೆಗಳು ಒಂದೇ ದಿನ, ಒಟ್ಟಿಗೇ ಎದುರಾಗುತ್ತವೆ.

ಇವಕ್ಕೆ ಉತ್ತರ ಸಿದ್ಧವಾದದ್ದು ಢಾಕಾದಲ್ಲಲ್ಲ, ನಮ್ಮ ಕೋಲ್ಕತ್ತಾದಲ್ಲಿ. ಹೌರಾದಲ್ಲಿ ಮನೆ ಮಾಡಿ ಎಂಟು ವರ್ಷವಾದ ಮೇಲೆ ನನಗೆ ಇದು ತಿಳಿಯಿತು. ಎಂ.ಟೆಕ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದವಳು ನಾನು, ಇತಿಹಾಸ ನನ್ನ ವಿಷಯವಲ್ಲ. ಆದರೂ ಈ ಕಥೆಯನ್ನು ಓದುತ್ತಾ ಹೋದಂತೆ, ನಮ್ಮ ಮಹಿಳಾ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳಲೇಬೇಕು ಅನ್ನಿಸಿತು.

ಅಧಿಕಾರ ಕೊಟ್ಟವರು ಯಾರು?

1970ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದಲ್ಲಿ ಮೊದಲ ಬಾರಿಗೆ ವಯಸ್ಕರೆಲ್ಲರ ಮತದಾನದಿಂದ ರಾಷ್ಟ್ರೀಯ ಅಸೆಂಬ್ಲಿಗೆ ಚುನಾವಣೆ ನಡೆಯಿತು. ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಸ್ಥಾನ ಶೇಖ್ ಮುಜಿಬುರ್ ರೆಹಮಾನರ ಅವಾಮಿ ಲೀಗ್ ಪಾಲಾಯಿತು. ಮಹಿಳೆಯರಿಗೆ ಮೀಸಲಾದ ಏಳು ಸ್ಥಾನಗಳೂ ಸೇರಿ ಒಟ್ಟು 167. ಅಸೆಂಬ್ಲಿಯ ಬಲ 313. ಅಂದರೆ ಇಡೀ ಪಾಕಿಸ್ತಾನಕ್ಕೇ ಸ್ಪಷ್ಟ ಬಹುಮತ. ಆದರೆ ಸೇನಾಡಳಿತಗಾರ ಯಾಹ್ಯಾ ಖಾನ್ ಆ ಅಸೆಂಬ್ಲಿ ಸೇರಲು ಬಿಡಲೇ ಇಲ್ಲ. 1971ರ ಮಾರ್ಚ್ 25ರ ರಾತ್ರಿ ಢಾಕಾದ ಮೇಲೆ ಸೇನೆ ಮುಗಿಬಿತ್ತು. ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ, ಪೊಲೀಸ್ ಬ್ಯಾರಕ್ಕುಗಳಲ್ಲಿ ರಕ್ತ ಹರಿಯಿತು. ಮುಜಿಬ್ ಬಂಧನಕ್ಕೊಳಗಾಗಿ ಪಶ್ಚಿಮ ಪಾಕಿಸ್ತಾನದ ಜೈಲು ಸೇರಿದರು.

ಪಕ್ಷದ ಪ್ರಧಾನ ಕಾರ್ಯದರ್ಶಿ ತಾಜುದ್ದೀನ್ ಅಹ್ಮದ್ ವಕೀಲ ಅಮೀರುಲ್ ಇಸ್ಲಾಂ ಅವರೊಂದಿಗೆ ಹಳ್ಳಿಗಳ ದಾರಿ ಹಿಡಿದು ಮಾರ್ಚ್ ಕೊನೆಯಲ್ಲಿ ಭಾರತದ ಗಡಿ ದಾಟಿದರು. ಏಪ್ರಿಲ್ ಮೊದಲ ವಾರ ದೆಹಲಿಯಲ್ಲಿ ಇಂದಿರಾ ಗಾಂಧಿಯವರನ್ನು ಕಂಡರು. ಅಲ್ಲಿಗೆ ಅವರು ಯಾವ ಹೆಸರಿನಲ್ಲಿ ಹೋಗಬೇಕು ಎಂಬುದು ಆಗಿನ ದೊಡ್ಡ ಪ್ರಶ್ನೆ. ಜೀವ ಉಳಿಸಿಕೊಂಡು ಬಂದ ನಿರಾಶ್ರಿತರಾಗಿಯೋ, ಒಂದು ಪಕ್ಷದ ಮುಖಂಡರಾಗಿಯೋ, ಒಂದು ಸರ್ಕಾರದ ಪ್ರತಿನಿಧಿಯಾಗಿಯೋ? ನಿರಾಶ್ರಿತನಿಗೆ ಅನ್ನ, ಬಟ್ಟೆ ಸಿಗಬಹುದು. ಸರ್ಕಾರಕ್ಕೆ ಮಾತ್ರ ಸೇನೆ, ಮಾನ್ಯತೆ, ಒಪ್ಪಂದ ಸಿಗುತ್ತವೆ. ಹಾಗಾಗಿ ಸರ್ಕಾರ ಆಗಲೇಬೇಕಿತ್ತು.

ಏಪ್ರಿಲ್ 10ರಂದು ಸ್ವಾತಂತ್ರ್ಯ ಘೋಷಣಾ ಪತ್ರ ಹೊರಬಂತು. ಇದರ ತರ್ಕ ನೋಡಿ. ನಾವು ಬಂದೂಕು ಹಿಡಿದಿದ್ದೇವೆ, ಆದ್ದರಿಂದ ನಾವೇ ಸರ್ಕಾರ ಎಂದು ಅದು ಹೇಳುವುದಿಲ್ಲ. ಚುನಾವಣೆ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ನಡೆಯಿತು, ಎಷ್ಟು ಸ್ಥಾನಗಳಲ್ಲಿ ಎಷ್ಟು ಗೆದ್ದೆವು, ಸಭೆ ಕರೆದು ಹೇಗೆ ಮುಂದೂಡಿದರು ಎಂದು ಒಂದೊಂದಾಗಿ ಎಣಿಸುತ್ತದೆ. ಆಮೇಲೆ, ಜನ ಆರಿಸಿದ ನಾವೇ ಸಂವಿಧಾನ ಸಭೆ, ನಾವು ಸಮಾನತೆ, ಮಾನವ ಘನತೆ, ಸಾಮಾಜಿಕ ನ್ಯಾಯಕ್ಕಾಗಿ ಗಣರಾಜ್ಯ ಕಟ್ಟುತ್ತಿದ್ದೇವೆ ಎನ್ನುತ್ತದೆ. ಅಧಿಕಾರದ ಬೇರು ಮತಪೆಟ್ಟಿಗೆಯಲ್ಲಿತ್ತು.

ಈ ಅನುಕೂಲ ಎಲ್ಲರಿಗೂ ಸಿಗುವಂಥದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗಾಗಿ ಜನರಲ್ ಡಿಗಾಲ್ 1944ರ ಜೂನ್‌ನಲ್ಲಿ ಅಲ್ಜಿಯರ್ಸ್ ನಗರದಲ್ಲಿ ತಾತ್ಕಾಲಿಕ ಸರ್ಕಾರ ರಚಿಸಿದರು. ಅವರ ಕೈಯಲ್ಲಿ ಯಾವ ಚುನಾವಣೆಯ ಫಲಿತಾಂಶವೂ ಇರಲಿಲ್ಲ. ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾದರೂ ಮಿತ್ರರಾಷ್ಟ್ರಗಳು ಆ ಸರ್ಕಾರವನ್ನು ಒಪ್ಪಿಕೊಂಡದ್ದು ಅಕ್ಟೋಬರ್ 23ಕ್ಕೆ. ಮುಜಿಬ್‌ನಗರದವರ ಬಳಿ ಭೂಮಿ ಇರಲಿಲ್ಲ, ಹಣ ಇರಲಿಲ್ಲ. ಎಣಿಸಿದ ಮತಗಳು ಮಾತ್ರ ಇದ್ದವು.

ಮಾವಿನ ತೋಪಿನ ಪ್ರಮಾಣವಚನ

ಪ್ರಮಾಣವಚನ ತಮ್ಮ ನೆಲದಲ್ಲೇ ನಡೆಯಬೇಕೆಂಬುದು ಅವರ ಹಟ. ಮೊದಲು ಚುವಾಡಾಂಗಾ ಪಟ್ಟಣ ಎಂದುಕೊಂಡಿದ್ದರು. ಸುದ್ದಿ ಹೊರಬಿದ್ದು ಅಲ್ಲಿ ಪಾಕಿಸ್ತಾನದ ವಿಮಾನಗಳು ಬಾಂಬ್ ಹಾಕಿದವು. ಆಮೇಲೆ ನಮ್ಮ ನದಿಯಾ ಜಿಲ್ಲೆಯ ಗಡಿಗೆ ಅಂಟಿಕೊಂಡಿರುವ ಮೆಹೆರ್‌ಪುರದ ಬೈದ್ಯನಾಥತಲಾ ಎಂಬಲ್ಲಿನ ಮಾವಿನ ತೋಪನ್ನು ಆರಿಸಿದರು. ಏಪ್ರಿಲ್ 17ರ ಬೆಳಗಿನ ಜಾವ ಕೋಲ್ಕತ್ತಾ ಪ್ರೆಸ್ ಕ್ಲಬ್ಬಿನಿಂದ ಪತ್ರಕರ್ತರನ್ನು ಎಲ್ಲಿಗೆಂದು ಹೇಳದೆ ಕಾರುಗಳಲ್ಲಿ ಕರೆದೊಯ್ದರು. ಸುತ್ತಲಿನ ಮನೆಗಳಿಂದ ತಂದ ಕುರ್ಚಿಗಳೇ ವೇದಿಕೆ ಮೇಲಿನ ಆಸನಗಳು. ಸ್ಥಳೀಯ ಅನ್ಸಾರ್ ದಳದ ಒಂದು ಚಿಕ್ಕ ತಂಡ ಗೌರವರಕ್ಷೆ ನೀಡಿತು. ಪ್ರೊಫೆಸರ್ ಯೂಸುಫ್ ಅಲಿ ಘೋಷಣಾ ಪತ್ರ ಓದಿದರು.

ಜೈಲಿನಲ್ಲಿದ್ದ ಮುಜಿಬ್ ರಾಷ್ಟ್ರಪತಿ. ಅವರ ಪರವಾಗಿ ಸಯ್ಯದ್ ನಜ್ರುಲ್ ಇಸ್ಲಾಂ ಹಂಗಾಮಿ ರಾಷ್ಟ್ರಪತಿ. ತಾಜುದ್ದೀನ್ ಪ್ರಧಾನಿ. ಖಂದಕಾರ್ ಮುಷ್ತಾಕ್ ಅಹ್ಮದರಿಗೆ ವಿದೇಶಾಂಗ, ಮನ್ಸೂರ್ ಅಲಿಯವರಿಗೆ ಹಣಕಾಸು, ಕಮರುಝ್ಝಮಾನರಿಗೆ ಗೃಹ ಮತ್ತು ಪರಿಹಾರ. ಸೇನೆಯ ಹೊಣೆ ಕರ್ನಲ್ ಉಸ್ಮಾನಿಯವರಿಗೆ. ತೋಪಿಗೆ ಮುಜಿಬ್‌ನಗರ ಎಂದು ಹೆಸರಿಟ್ಟು, ಅದೇ ರಾಜಧಾನಿ ಎಂದು ಸಾರಿದರು. ಸಮಾರಂಭ ಮುಗಿಸಿ ಎಲ್ಲರೂ ಗಡಿ ದಾಟಿ ವಾಪಸಾದರು. ಸ್ವಲ್ಪದರಲ್ಲೇ ಆ ಪ್ರದೇಶ ಪಾಕಿಸ್ತಾನ ಸೇನೆಯ ವಶವಾಯಿತು.

ಮರುದಿನವೇ, ಏಪ್ರಿಲ್ 18ರಂದು, ಕೋಲ್ಕತ್ತಾದ ಪಾಕಿಸ್ತಾನ ಉಪ ಹೈಕಮಿಷನ್ ಕಚೇರಿಯ ಮುಖ್ಯಸ್ಥ ಹುಸೇನ್ ಅಲಿ ತಮ್ಮ ಬಂಗಾಳಿ ಸಿಬ್ಬಂದಿಯೊಂದಿಗೆ ಹೊಸ ಸರ್ಕಾರಕ್ಕೆ ನಿಷ್ಠೆ ಘೋಷಿಸಿದರು. ಸರ್ಕಸ್ ಅವೆನ್ಯೂದ ಆ ಕಟ್ಟಡದ ಮೇಲೆ ಬಾವುಟ ಬದಲಾಯಿತು. ವಿದೇಶದ ನೆಲದಲ್ಲಿ ಬಾಂಗ್ಲಾದೇಶದ ಮೊದಲ ರಾಯಭಾರ ಕಚೇರಿ ಅದೇ.

ಮಂಚ, ಮೇಜು, ಕಡತ

ಸರ್ಕಾರದ ಕಾಗದಗಳ ಮೇಲೆ ಮುಜಿಬ್‌ನಗರ ಎಂದಿರುತ್ತಿತ್ತು. ಕೆಲಸ ನಡೆಯುತ್ತಿದ್ದದ್ದು ಕೋಲ್ಕತ್ತಾದ 8, ಥಿಯೇಟರ್ ರಸ್ತೆಯಲ್ಲಿ. ಈಗಿನ ಶೇಕ್ಸ್‌ಪಿಯರ್ ಸರಣಿ. ಅರವಿಂದ ಭವನ ಎಂದರೆ ಟ್ಯಾಕ್ಸಿಯವರು ನೇರ ಅಲ್ಲಿಗೇ ಕರೆದೊಯ್ಯುತ್ತಾರೆ.

ತಾಜುದ್ದೀನ್ ಕಚೇರಿಗೆ ಅಂಟಿದ ಕೋಣೆಯಲ್ಲೇ ಮಲಗುತ್ತಿದ್ದರು. ಯುದ್ಧ ಮುಗಿಯುವವರೆಗೆ ಸಂಸಾರದೊಡನೆ ಇರುವುದಿಲ್ಲ ಎಂದು ನಿಶ್ಚಯಿಸಿದ್ದರಿಂದ, ಹೆಂಡತಿ ಜೊಹರಾ ಮತ್ತು ಮಕ್ಕಳು ಅದೇ ಊರಿನಲ್ಲಿದ್ದರೂ ಅಲ್ಲಿಗೆ ಹೋಗಿ ಉಳಿಯಲಿಲ್ಲ. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಈ ಸಂಗತಿಯನ್ನು ಎಲ್ಲರೂ ಅಭಿಮಾನದಿಂದ ಹೇಳುತ್ತಾರೆ. ನನಗೂ ಗೌರವವಿದೆ. ಜೊತೆಗೆ, ಗಂಡ ವ್ರತ ಹಿಡಿದಾಗ ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟಿ, ಪರ ಊರಿನಲ್ಲಿ ಮನೆ ನಡೆಸಿದ ಜೊಹರಾ ಅವರ ವ್ರತವೂ ನೆನಪಾಗುತ್ತದೆ.

ಇನ್ನು ಕೆಲಸದ ವಿಷಯ. ಘೋಷಣೆಯ ದಿನವೇ ಒಂದು ಚಿಕ್ಕ ಆದೇಶವೂ ಹೊರಟಿತ್ತು. ಮಾರ್ಚ್ 25ರಂದು ಜಾರಿಯಲ್ಲಿದ್ದ ಕಾನೂನುಗಳೆಲ್ಲ ಅಗತ್ಯ ಬದಲಾವಣೆಗಳೊಂದಿಗೆ ಮುಂದುವರಿಯುತ್ತವೆ, ನಿಷ್ಠೆಯ ಪ್ರಮಾಣ ಮಾಡಿದ ನೌಕರರು ಅದೇ ಹುದ್ದೆಯಲ್ಲಿರುತ್ತಾರೆ ಎಂದು. ನಮ್ಮ ಕ್ಷೇತ್ರದವರಿಗೆ ಇದರ ಬೆಲೆ ತಕ್ಷಣ ಹೊಳೆಯುತ್ತದೆ. ಹಳೆಯ ಸಿಸ್ಟಮ್ ಒಂದು ಕ್ಷಣವೂ ನಿಲ್ಲಬಾರದು, ಆದರೆ ಮಾಲೀಕತ್ವ ಬದಲಾಗಬೇಕು. ಜಮೀನಿನ ಪತ್ರ, ಮದುವೆ ನೋಂದಣಿ, ಕೋರ್ಟಿನ ಖಟ್ಲೆ ಯಾವುದೂ ರಾತ್ರೋರಾತ್ರಿ ಅನಾಥವಾಗದಂತೆ ಆ ಆದೇಶ ಕಾಪಾಡಿತು.

ಆಮೇಲೆ ಇಲಾಖೆಗಳು ಒಂದೊಂದಾಗಿ ಎದ್ದವು. ದೇಶವನ್ನು ಹನ್ನೊಂದು ಸಮರ ವಲಯಗಳಾಗಿ ವಿಂಗಡಿಸಿ, ಜುಲೈನಲ್ಲಿ ಕಮಾಂಡರುಗಳ ಸಭೆಯನ್ನು ಇದೇ ಥಿಯೇಟರ್ ರಸ್ತೆಯಲ್ಲಿ ನಡೆಸಿದರು. ನಾಗರಿಕ ಆಡಳಿತಕ್ಕೆ ಬೇರೆ ವಲಯ ಮಂಡಳಿಗಳು. ಯುದ್ಧಾನಂತರದ ದೇಶಕ್ಕೆ ಯೋಜನೆ ಹಾಕಲು ಪ್ರಾಧ್ಯಾಪಕರ ಒಂದು ಮಂಡಳಿ. ಮೇ 25ರಿಂದ ಬಾಲಿಗಂಜ್‌ನ ಒಂದು ಮನೆಯಿಂದ ಸ್ವಾಧೀನ್ ಬಾಂಗ್ಲಾ ಬೇತಾರ್ ಕೇಂದ್ರದ ರೇಡಿಯೋ ಪ್ರಸಾರ. ಜುಲೈ 29ರಂದು ಎಂಟು ಅಂಚೆ ಚೀಟಿಗಳು ಬಿಡುಗಡೆಯಾದವು. ತನ್ನ ಅಂಚೆ ಕಚೇರಿ ತನ್ನ ಕೈಯಲ್ಲಿಲ್ಲದಿದ್ದರೂ ಸ್ಟಾಂಪ್ ಅಚ್ಚು ಹಾಕಿಸಿದ ಸರ್ಕಾರ ಅದು. ನಾವಿದ್ದೇವೆ ಎಂದು ಜಗತ್ತಿಗೆ ಹೇಳಲು ಅದೂ ಒಂದು ದಾರಿ.

ಒಳಜಗಳಗಳೂ ಇದ್ದವು. ಪ್ರಧಾನಿ ಪಟ್ಟ ತಾಜುದ್ದೀನರಿಗೇಕೆ ಎಂದು ಪಕ್ಷದ ಯುವ ಮುಖಂಡರು ಗೊಣಗಿದರು. ಅವರ ಮುಜಿಬ್ ಬಾಹಿನಿ ಸರ್ಕಾರದ ಹಿಡಿತಕ್ಕೆ ಸಿಗದ ಪ್ರತ್ಯೇಕ ಪಡೆಯಾಯಿತು. ಅಮೆರಿಕದ ಕಾನ್ಸುಲೇಟ್ ಜೊತೆ ಗುಟ್ಟಾಗಿ ರಾಜಿ ಮಾತುಕತೆ ನಡೆಸಿದ ಗುಮಾನಿಯ ಮೇಲೆ ವಿದೇಶಾಂಗ ಮಂತ್ರಿ ಮುಷ್ತಾಕರನ್ನು ವಿಶ್ವಸಂಸ್ಥೆಗೆ ಕಳಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೌಲಾನಾ ಭಾಷಾನಿ, ಮಣಿ ಸಿಂಗ್ ಮೊದಲಾದ ಬೇರೆ ಪಕ್ಷಗಳ ಹಿರಿಯರನ್ನೂ ಸೇರಿಸಿ ಸಲಹಾ ಸಮಿತಿ ಮಾಡಿದ್ದರಿಂದ ಸರ್ಕಾರಕ್ಕೆ ಸ್ವಲ್ಪ ಬಲ ಬಂತು.

ಇವೆಲ್ಲಕ್ಕೂ ಹಿನ್ನೆಲೆಯಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರು. ನಾನು ಹೌರಾ ಮೈದಾನ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಹೂಗ್ಲಿಯ ಅಡಿಯಿಂದ ಸಾಗಿ, ಸಾಲ್ಟ್ ಲೇಕ್ ಸೆಕ್ಟರ್ ಫೈವ್‌ನಲ್ಲಿ ಇಳಿಯುತ್ತೇನೆ. ಗಾಜಿನ ಕಟ್ಟಡಗಳ ಆ ಸಾಲ್ಟ್ ಲೇಕ್ ಆಗ ಮನೆಗಳು ಇನ್ನೂ ಪೂರ್ತಿ ಏಳದಿದ್ದ ಮರಳಿನ ಬಯಲು. 1971ರಲ್ಲಿ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಶಿಬಿರದಲ್ಲಿದ್ದರು. ಜಾಗ ಸಾಲದೆ ದೊಡ್ಡ ಕಾಂಕ್ರೀಟ್ ಪೈಪುಗಳೊಳಗೆ ಸಂಸಾರ ಹೂಡಿದವರೂ ಇದ್ದರು. ದೂರದ ಕರ್ನಾಟಕಕ್ಕೂ ಈ ಭಾರದ ಒಂದು ಎಳೆ ತಾಕಿದೆ. 1971ರ ನವೆಂಬರ್ 15ರಿಂದ ದೇಶದಲ್ಲೆಲ್ಲ ಕಾಗದ ಕಳಿಸುವವರು ಐದು ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿಯನ್ನೂ ಅಂಟಿಸಬೇಕಿತ್ತು. ಹಾಸನದಲ್ಲಿ ನಮ್ಮ ಅಜ್ಜಿಯ ಟ್ರಂಕಿನಲ್ಲಿರುವ 1972ರ ಲಕೋಟೆಯೊಂದರ ಮೇಲೆ ಆ ಚೀಟಿ ಈಗಲೂ ಇದೆ. ತವರಿಗೆ ಬರೆದ ಬಾಣಂತಿ ಸುದ್ದಿಯ ಕಾಗದವೂ ಸಾಲ್ಟ್ ಲೇಕಿನ ಒಂದು ತುತ್ತಿಗೆ ಐದು ಪೈಸೆ ಕೊಟ್ಟಿತ್ತು.

ಹೆಣ್ಣುಮಕ್ಕಳು ಎಲ್ಲಿದ್ದರು?

ಮಾವಿನ ತೋಪಿನಲ್ಲಿ ಅಧಿಕಾರ ವಹಿಸಿಕೊಂಡವರ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಬ್ಬ ಮಹಿಳೆಯೂ ಇಲ್ಲ. ಗೆದ್ದ ಪಟ್ಟಿಯಲ್ಲಿ ಏಳು ಮಂದಿ ಇದ್ದರು, ನೆರವಿಗೆ ನಿಂತ ದೇಶದ ಪ್ರಧಾನಿಯೇ ಮಹಿಳೆ. ಅದಕ್ಕೆ 28 ವರ್ಷ ಮೊದಲು, 1943ರ ಅಕ್ಟೋಬರ್ 21ರಂದು ಸಿಂಗಪುರದಲ್ಲಿ ನೇತಾಜಿ ರಚಿಸಿದ ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರದಲ್ಲಿ ಕ್ಯಾಪ್ಟನ್ ಲಕ್ಷ್ಮಿಯವರಿಗೆ ಸ್ಥಾನವಿತ್ತು. ಡಿಗಾಲರ ಆಡಳಿತ ಅಲ್ಜಿಯರ್ಸ್‌ನಲ್ಲಿದ್ದಾಗಲೇ, 1944ರ ಏಪ್ರಿಲ್ 21ರಂದು, ಫ್ರೆಂಚ್ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತ್ತು. ತಾತ್ಕಾಲಿಕ ಸರ್ಕಾರ ತಾತ್ಕಾಲಿಕ ಕೆಲಸಗಳನ್ನಷ್ಟೇ ಮಾಡಬೇಕೆಂದಿಲ್ಲ. ಹೊಸ ಮನೆಯ ತಳಪಾಯ ಹಾಕುವಾಗಲೇ ಬಾಗಿಲು ಎಲ್ಲಿ ಎಂದು ತೀರ್ಮಾನವಾಗುತ್ತದೆ.

ಕುರ್ಚಿ ಸಿಗಲಿಲ್ಲ, ಕೆಲಸ ಸಿಕ್ಕಿತು. ಆಯ್ಕೆಯಾದ ಏಳು ಮಂದಿಯಲ್ಲಿ ಒಬ್ಬರಾದ ಸಾಜೇದಾ ಚೌಧುರಿ ಕೋಲ್ಕತ್ತಾದ ಗೋಬ್ರಾದಲ್ಲಿ ಯುವತಿಯರ ಶಿಬಿರ ನಡೆಸಿದರು. ನೂರಾರು ಹುಡುಗಿಯರು ಅಲ್ಲಿ ಶುಶ್ರೂಷೆ, ಪ್ರಥಮ ಚಿಕಿತ್ಸೆ ಕಲಿತರು, ಬಂದೂಕು ತರಬೇತಿಯನ್ನೂ ಪಡೆದರು. ನೂರ್‌ಜಹಾನ್ ಮುರ್ಷಿದ್ ಭಾರತದ ಸಂಸದರ ಎದುರು ತಮ್ಮ ದೇಶದ ಪರವಾಗಿ ಮಾತನಾಡಿದರು. ಬದ್ರುನ್ನೀಸಾ ಅಹ್ಮದ್ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಗಾಯಕಿ ಸನ್‌ಜೀದಾ ಖಾತೂನ್ ಮತ್ತು ಸಂಗಾತಿಗಳು ಕಲಾವಿದರ ತಂಡ ಕಟ್ಟಿ ಶಿಬಿರದಿಂದ ಶಿಬಿರಕ್ಕೆ ಹಾಡುತ್ತಾ ಹೋದರು. ತ್ರಿಪುರಾದ ಬಿಶ್ರಾಮ್‌ಗಂಜ್‌ನ ಬಿದಿರಿನ ಆಸ್ಪತ್ರೆಯಲ್ಲಿ ಕ್ಯಾಪ್ಟನ್ ಸಿತಾರಾ ಬೇಗಂ ಗಾಯಾಳುಗಳ ಆರೈಕೆ ಮಾಡಿ, ಮುಂದೆ ವೀರ ಪ್ರತೀಕ್ ಪದಕ ಪಡೆದರು. ನಮ್ಮ ಕೋಲ್ಕತ್ತಾದವರೇ ಆದ, ‘ನ ಹನ್ಯತೆ’ ಬರೆದ ಮೈತ್ರೇಯಿ ದೇವಿ ಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ ಖೇಲಾಘರ್ ಆರಂಭಿಸಿದರು.

ಇನ್ನೊಂದು ಸಂಗತಿ ಬರೆಯಲು ಕಷ್ಟ, ಬರೆಯದೆ ಇರುವುದು ತಪ್ಪು. ಆ ಒಂಬತ್ತು ತಿಂಗಳಲ್ಲಿ ಸೈನಿಕರ ಅತ್ಯಾಚಾರಕ್ಕೆ ತುತ್ತಾದ ಮಹಿಳೆಯರು ಎರಡು ಲಕ್ಷ ಎಂದು ಅಲ್ಲಿನ ಸರ್ಕಾರದ ಲೆಕ್ಕ. ಹೊಸ ಸರ್ಕಾರ ಅವರನ್ನು ಬೀರಾಂಗನಾ, ಅಂದರೆ ವೀರಾಂಗನೆಯರು ಎಂದು ಕರೆಯಿತು. 1972ರಲ್ಲಿ ಅವರಿಗಾಗಿ ಪುನರ್ವಸತಿ ಮಂಡಳಿ ಬಂತು. ಪ್ರೊಫೆಸರ್ ನೀಲಿಮಾ ಇಬ್ರಾಹಿಂ ಅವರಂಥವರು ಅದರಲ್ಲಿ ದುಡಿದರು. ಬಿರುದು ಕೊಟ್ಟ ಉದ್ದೇಶ ಒಳ್ಳೆಯದೇ. ಆದರೆ ಎಷ್ಟೋ ಮನೆಗಳ ಬಾಗಿಲು ಆ ಬಿರುದಿಗೆ ತೆರೆಯಲಿಲ್ಲ. ಅವರಲ್ಲಿ ಕೆಲವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಸರ್ಕಾರ ಅಧಿಕೃತವಾಗಿ ಪಟ್ಟಿಗೆ ಸೇರಿಸಿದ್ದು 2015ರಲ್ಲಿ, ನಲವತ್ತನಾಲ್ಕು ವರ್ಷಗಳ ನಂತರ.

ಆ ಆರು ದಿನಗಳು

ಡಿಸೆಂಬರ್ 6ರಂದು ಭಾರತ ಮತ್ತು ಭೂತಾನ್ ಬಾಂಗ್ಲಾದೇಶಕ್ಕೆ ಮಾನ್ಯತೆ ನೀಡಿದವು. ಅದೇ ಹೊತ್ತಿಗೆ ಗಡಿಯ ದೊಡ್ಡ ಪಟ್ಟಣ ಜಶೋರ್ ಬಿಡುಗಡೆಯಾಯಿತು. ಡಿಸೆಂಬರ್ 11ರಂದು ಅಲ್ಲಿನ ಟೌನ್‌ಹಾಲ್ ಮೈದಾನದಲ್ಲಿ ನಜ್ರುಲ್ ಇಸ್ಲಾಂ ಮತ್ತು ತಾಜುದ್ದೀನ್ ಸಭೆ ನಡೆಸಿದರು. ಬಿಡುಗಡೆಯಾದ ನೆಲದಲ್ಲಿ ಸರ್ಕಾರದ ಮೊದಲ ಸಾರ್ವಜನಿಕ ಸಭೆ ಅದು. ಜಿಲ್ಲೆಗೆ ಜಿಲ್ಲಾಧಿಕಾರಿಯನ್ನೂ ನೇಮಿಸಲಾಗಿತ್ತು. ಒಂಬತ್ತು ತಿಂಗಳ ಕಾಗದದ ಕೆಲಸ ಇಲ್ಲಿ ನೆಲಕ್ಕಿಳಿಯಿತು.

ಢಾಕಾದಲ್ಲಿ ಅಷ್ಟು ಸುಲಭವಾಗಲಿಲ್ಲ. ಶರಣಾಗತಿ ಡಿಸೆಂಬರ್ 16ಕ್ಕೆ. ಹಿರಿಯ ಅಧಿಕಾರಿಗಳು ಬಂದದ್ದು 18ಕ್ಕೆ. ಮಂತ್ರಿಮಂಡಲ ಬಂದದ್ದು 22ಕ್ಕೆ. ನಡುವಿನ ಆರು ದಿನಗಳಲ್ಲಿ ಊರ ತುಂಬ ಬಂದೂಕುಗಳು. ವಿಜಯದ ದಿನ ದಿಢೀರನೆ ಮುಕ್ತಿಯೋಧರಾದವರನ್ನು ಜನ ವ್ಯಂಗ್ಯವಾಗಿ ‘ಹದಿನಾರನೇ ಡಿವಿಷನ್’ ಎಂದರು. ಸೇಡಿನ ಕೊಲೆಗಳು ವಿದೇಶಿ ಕ್ಯಾಮೆರಾಗಳ ಎದುರೇ ನಡೆದವು. ದೇಶಕ್ಕೆ ದಾರಿ ತೋರಬೇಕಿದ್ದ ಪ್ರಾಧ್ಯಾಪಕರು, ವೈದ್ಯರು, ಪತ್ರಕರ್ತರನ್ನು ಡಿಸೆಂಬರ್ 14ರ ಸುಮಾರಿಗೆ ಮನೆಗಳಿಂದ ಎಳೆದೊಯ್ದು ಕೊಂದಿದ್ದರು. ಪತ್ರಿಕೆ ಸಂಪಾದಕಿ ಸೆಲಿನಾ ಪರ್ವೀನ್ ಅವರಲ್ಲೊಬ್ಬರು. ಸರ್ಕಾರ ಇನ್ನೆರಡು ದಿನ ಮೊದಲು ಬಂದಿದ್ದರೆ ಎಂದು ಅಲ್ಲಿನವರು ಇಂದಿಗೂ ಚರ್ಚಿಸುತ್ತಾರೆ. ನನಗೆ ಅನ್ನಿಸುವುದು ಬೇರೆ. ಥಿಯೇಟರ್ ರಸ್ತೆಯಲ್ಲಿ ಆ ಕೆಲಸ ನಡೆಯದೇ ಹೋಗಿದ್ದರೆ ಆ ಆರು ದಿನಗಳು ಆರು ತಿಂಗಳಾಗುತ್ತಿದ್ದವು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. 1972ರ ಜನವರಿ 10ರಂದು ಮುಜಿಬ್ ಲಂಡನ್, ದೆಹಲಿ ಮಾರ್ಗವಾಗಿ ಢಾಕಾಗೆ ಬಂದಿಳಿದರು. ಮರುದಿನವೇ ತಾತ್ಕಾಲಿಕ ಸಂವಿಧಾನದ ಆದೇಶ ಹೊರಡಿಸಿ ಸಂಸದೀಯ ಪದ್ಧತಿ ತಂದರು. 12ರಂದು ರಾಷ್ಟ್ರಪತಿ ಹುದ್ದೆ ಬಿಟ್ಟು ಪ್ರಧಾನಿಯಾದರು. ಮಾರ್ಚ್ 4ರಂದು ಟಾಕಾ ನೋಟು ಚಲಾವಣೆಗೆ ಬಂತು. ಮಾರ್ಚ್ 12ರಂದು ಭಾರತದ ಸೇನೆ ವಿದಾಯದ ಪೆರೇಡ್ ನಡೆಸಿತು. ಬಿಡುಗಡೆ ಮಾಡಿದ ಸೇನೆ ಮೂರು ತಿಂಗಳೊಳಗೆ ಮನೆಗೆ ಮರಳಲು, ಜವಾಬ್ದಾರಿ ಹೊರುವ ಸರ್ಕಾರವೊಂದು ಅಲ್ಲಿ ಇದ್ದದ್ದೂ ಕಾರಣ. ಶಿಬಿರಗಳಲ್ಲಿದ್ದ ಬಹುಪಾಲು ಜನ ಅದೇ ತಿಂಗಳುಗಳಲ್ಲಿ ತಮ್ಮೂರಿಗೆ ನಡೆದರು. ಏಪ್ರಿಲ್ 10ರಂದು, ಘೋಷಣೆಗೆ ಸರಿಯಾಗಿ ವರ್ಷ ತುಂಬಿದ ದಿನ, ಸಂವಿಧಾನ ಸಭೆ ಮೊದಲ ಬಾರಿಗೆ ಸೇರಿತು. ಕರಡು ಸಮಿತಿಯಲ್ಲಿ 34 ಸದಸ್ಯರು, ಒಬ್ಬರೇ ಮಹಿಳೆ, ರಜಿಯಾ ಬಾನು. ನವೆಂಬರ್ 4ರಂದು ಅಂಗೀಕಾರವಾದ ಸಂವಿಧಾನ ವಿಜಯದ ಮೊದಲ ವಾರ್ಷಿಕೋತ್ಸವದಂದು ಜಾರಿಗೆ ಬಂತು. ಮಹಿಳೆಯರಿಗೆ ಮೀಸಲು ಸ್ಥಾನ ಹದಿನೈದು.

ಕೊನೆಗೆ

ಮುಜಿಬ್‌ನಗರ ಮಂತ್ರಿಮಂಡಲದ ಆರು ಜನರಲ್ಲಿ ಐವರು 1975ರಲ್ಲಿ ಕೊಲೆಯಾದರು. ಆಗಸ್ಟ್ 15ರಂದು ಮುಜಿಬ್. ನವೆಂಬರ್ 3ರ ರಾತ್ರಿ ಢಾಕಾ ಸೆಂಟ್ರಲ್ ಜೈಲಿನೊಳಗೆ ನಜ್ರುಲ್ ಇಸ್ಲಾಂ, ತಾಜುದ್ದೀನ್, ಮನ್ಸೂರ್ ಅಲಿ, ಕಮರುಝ್ಝಮಾನ್. ಆಗ ರಾಷ್ಟ್ರಪತಿ ಕುರ್ಚಿಯಲ್ಲಿದ್ದವರು ಆರನೆಯವರು, ಮುಷ್ತಾಕ್. ಗಂಡನನ್ನು ಕಳೆದುಕೊಂಡ ಜೊಹರಾ ತಾಜುದ್ದೀನ್ ಮನೆಯೊಳಗೆ ಕೂರಲಿಲ್ಲ. ಚೆದುರಿಹೋದ ಪಕ್ಷವನ್ನು 1977ರಲ್ಲಿ ಸಂಚಾಲಕಿಯಾಗಿ ಮತ್ತೆ ಜೋಡಿಸಿದರು. ಮಂತ್ರಿಮಂಡಲದಲ್ಲಿ ಮಹಿಳೆಗೆ ಜಾಗ ಕೊಡದ ಪಕ್ಷ ಮುರಿದುಬಿದ್ದಾಗ, ಎತ್ತಿ ನಿಲ್ಲಿಸಿದ್ದು ಒಬ್ಬ ಮಹಿಳೆ.

ಯುದ್ಧಗಳ ಕಥೆಯಲ್ಲಿ ನಮಗೆ ಸೇನಾನಿಗಳ ಹೆಸರು ನೆನಪಿರುತ್ತದೆ. ಆದೇಶ ಟೈಪ್ ಮಾಡಿದವರು, ಶಿಬಿರದಲ್ಲಿ ಗಂಜಿಯ ಲೆಕ್ಕ ಇಟ್ಟವರು, ಯಾರ ಕೈಗೆ ಯಾವ ಬೀಗದ ಕೈ ಎಂದು ಮುಂಚೆಯೇ ಯೋಚಿಸಿದವರು ನೆನಪಿರುವುದಿಲ್ಲ. ಗೆಲ್ಲಲು ಒಂದು ದಿನ ಸಾಕಾಗಬಹುದು. ಗೆದ್ದದ್ದನ್ನು ಸಂಸಾರವಾಗಿ ನಡೆಸಲು ಮೊದಲೇ ಕುಳಿತು ಲೆಕ್ಕ ಹಾಕಿದವರು ಬೇಕು. ಆ ಲೆಕ್ಕ ಹಾಕುವ ಮೇಜಿನ ಸುತ್ತ ಯಾರು ಕುಳಿತಿದ್ದರು, ಯಾರು ಹೊರಗೆ ನಿಂತಿದ್ದರು ಎಂಬುದು ಮುಂದಿನ ಐವತ್ತು ವರ್ಷಗಳನ್ನು ಬರೆಯುತ್ತದೆ. ದೇಶಕ್ಕೂ ಅಷ್ಟೆ, ಸಂಘಕ್ಕೂ ಅಷ್ಟೆ.

ನಮ್ಮ ಮಹಿಳಾ ವೇದಿಕೆಯ ಮುಂದಿನ ಪ್ರವಾಸಕ್ಕೆ ಜಾಗ ಹುಡುಕುತ್ತಿದ್ದೇವಲ್ಲ, ದೂರ ಹೋಗಬೇಕಿಲ್ಲ. ಒಂದು ಭಾನುವಾರ ಬೆಳಿಗ್ಗೆ ಶೇಕ್ಸ್‌ಪಿಯರ್ ಸರಣಿಯ ಎಂಟನೇ ನಂಬರಿನ ಆ ಮನೆಗೆ ಹೋಗೋಣ, ಅಲ್ಲಿಂದ ಸರ್ಕಸ್ ಅವೆನ್ಯೂ ಕಡೆಗೆ. ಬುತ್ತಿ ಚಿತ್ರಾನ್ನ ನನ್ನದು.